ಸೂರ್ಯ ನಿಲ್ಲುವ ಹೊತ್ತು

ಮಜಗಾಂವ್, ಬೊಂಬಾಯಿ
6 ನವೆಂಬರ್ 1960

ಪ್ರೀತಿಯ ಮಾಂಯ್,

ಬೆಸಾಂವ್ ದೀ.

ಆಶೀರ್ವಾದ ಕೇಳಿದ್ದಾಯಿತು, ಇನ್ನು ಸುದ್ದಿ. ಪಾಸಾದೆ. ಲಿಖಿತ, ಮೌಖಿಕ ಎರಡೂ. ಇನ್ನು ನಾನು ಅಪ್ರೆಂಟಿಸ್ ಅಲ್ಲ. ಜನವರಿ ಇಪ್ಪತ್ತಕ್ಕೆ ಥರ್ಡ್ ಆಫೀಸರ್ ಆಗಿ ಹಡಗು ಹತ್ತಬೇಕೆಂದು ಕಂಪೆನಿಯಿಂದ ಕಾಗದ ಬಂದಿದೆ. ಈ ಸಲ ದಡ ಹಿಡಿದು ಹೋಗುವ ಹಡಗಲ್ಲ. ಕೊಚ್ಚಿಯಲ್ಲಿ ಗೇರುಬೀಜ, ಚಹಾ ತುಂಬಿಕೊಂಡು ಏಡನ್‌ಗೆ, ಅಲ್ಲಿಂದ ಸುಯೆಜ್ ದಾಟಿ ಇನ್ನೂ ಮೇಲಕ್ಕೆ. ಇದನ್ನು ಓದುವಾಗ ನೀವು ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸುತ್ತೀರಿ ಎಂದು ಗೊತ್ತು. ಒರೆಸಿಕೊಂಡು ಮುಂದೆ ಓದಿ.

ಆಫೀಸರ್ ಆದವನ ಬಳಿ ಅವನದೇ ಸೆಕ್ಸ್‌ಟಂಟ್ ಇರಬೇಕು. ಸೂರ್ಯ ಎಷ್ಟು ಎತ್ತರದಲ್ಲಿದ್ದಾನೆ ಎಂದು ಅಳೆಯುವ ಆ ಹಿತ್ತಾಳೆಯ ಯಂತ್ರವನ್ನು ನೀವು ನೋಡಿದ್ದೀರಿ, ಬಂದರಿನಲ್ಲಿ ಉಮರಬ್ಬರ ಮನೆಯಲ್ಲಿ. ನಾನು ಚಿಕ್ಕವನಿದ್ದಾಗ ಅದನ್ನು ಮುಟ್ಟಿದ್ದಕ್ಕೆ ನನ್ನ ಕಿವಿ ಹಿಂಡಿದ್ದೀರಿ. ಅವರು ಹಾಯಿಯ ಮಂಜಿ ನಡೆಸುವುದನ್ನು ಬಿಟ್ಟು ಆರು ವರ್ಷವಾಯಿತು, ಯಂತ್ರ ಪೆಟ್ಟಿಗೆಯಲ್ಲಿ ಮಲಗಿದೆ. ಕೇಳಿದರೆ ಕೊಟ್ಟಾರು.

ಆದರೆ ಇನ್ನೊಬ್ಬರ ಕೈಯಲ್ಲಿ ಪಳಗಿದ ಯಂತ್ರ. ಪರೀಕ್ಷೆ ಮಾಡದೆ ಒಯ್ಯುವಂತಿಲ್ಲ. ಕಮಾನು ಕೂದಲೆಳೆಯಷ್ಟು ಬಾಗಿದ್ದರೂ ಸಮುದ್ರದಲ್ಲಿ ಅದು ಮೈಲುಗಟ್ಟಲೆ ತಪ್ಪಾಗುತ್ತದೆ. ಆ ಪರೀಕ್ಷೆಯನ್ನು ನೀವು ಮಾಡಬೇಕು ಮಾಂಯ್. ನಮ್ಮ ಮನೆ ಎಲ್ಲಿದೆಯೆಂದು ನಮಗೆ ಗೊತ್ತಿದೆ, ಹನ್ನೆರಡು ಡಿಗ್ರಿ ಐವತ್ತೊಂದು ನಿಮಿಷ ಉತ್ತರ. ನಮ್ಮ ಅಂಗಳದಲ್ಲಿ ನಿಂತು ನಡುಹಗಲಿನ ಸೂರ್ಯನನ್ನು ಅಳೆದು, ಜೊತೆಗೆ ಕಳಿಸಿರುವ ನಾವಿಕರ ಪಂಚಾಂಗ ನೋಡಿ ಲೆಕ್ಕ ಹಾಕಿ. ಉತ್ತರ ನಮ್ಮ ಮನೆಯೇ ಬಂದರೆ ಯಂತ್ರ ಸರಿ. ಡಿಗ್ರಿಯ ಒಂದು ನಿಮಿಷಕ್ಕೆ ಒಂದು ಕಡಲ ಮೈಲು, ಎಷ್ಟು ಮೈಲು ಆಚೀಚೆ ಬಂತೋ ಅಷ್ಟು ತಪ್ಪು. ಮಾಡುವ ಕ್ರಮವನ್ನು ಬೇರೆ ಹಾಳೆಯಲ್ಲಿ ಬರೆದಿದ್ದೇನೆ.

ನೀವು ಸರಿ ಎಂದರೆ ಒಯ್ಯುತ್ತೇನೆ. ಬೇಡ ಎಂದರೆ ಇಲ್ಲ.

ನಿಮ್ಮ ಮಗ,
ಪೌಲ್


ಬೋಳಾರ, ಮಂಗಳೂರು
20 ನವೆಂಬರ್ 1960

ಪ್ರಿಯ ಪೌಲ್,

ದೇವಾಚೆಂ ಬೆಸಾಂವ್. ಪಾಸಾದ ಖುಷಿಗೆ ಶಾಲೆಯಲ್ಲಿ ಟೀಚರುಗಳಿಗೆಲ್ಲ ಚಹಾ ಕುಡಿಸಿದೆ. ಡ್ರಾಯಿಂಗಿನ ಹೇಮಾಕ್ಷಿ, "ಮಗ ಕ್ಯಾಪ್ಟನ್ ಆದನಾ ನೆಲ್ಲಿ ಬಾಯಿ?" ಎಂದು ಕೇಳಿದಳು. "ಇನ್ನೂ ಮೆಟ್ಟಿಲು ಉಂಟು ಮಾರಾಯ್ತಿ," ಎಂದೆ. ಮೆಟ್ಟಿಲು ಎಷ್ಟೇ ಇರಲಿ, ಒಂದು ಹತ್ತಿದ್ದಕ್ಕೆ ನನಗೆ ಹೆಮ್ಮೆಯಾಗಿದೆ. ನಿನ್ನ ಕಾಗದದ ಕಾಗುಣಿತದ ತಪ್ಪುಗಳಿಗೆ ಕೆಂಪು ಶಾಯಿಯಲ್ಲಿ ಗುರುತು ಹಾಕಿ ಇಟ್ಟಿದ್ದೇನೆ, ಬಂದಾಗ ನೋಡು. ಏಡನ್ ವಿಷಯಕ್ಕೆ ಆಮೇಲೆ ಬರುತ್ತೇನೆ.

ಉಮರಬ್ಬರ ಮನೆಗೆ ಹೋದೆ. ಅವರ ಸೊಸೆ ಲೈಲಾ ನನ್ನ ಹಳೆಯ ವಿದ್ಯಾರ್ಥಿನಿ, ಈಗಲೂ ನನ್ನನ್ನು ಕಂಡರೆ ಎದ್ದು ನಿಲ್ಲುತ್ತಾಳೆ. ಮುದುಕರು ಯಂತ್ರವನ್ನು ತಮ್ಮ ಹಳೆಯ ರುಮಾಲಿನಲ್ಲಿ ಸುತ್ತಿಟ್ಟಿದ್ದರು. ಪರೀಕ್ಷೆಗೆ ಎಂದಾಗ ಮುಖ ಸ್ವಲ್ಪ ಸಣ್ಣದಾಯಿತು. "ಇಪ್ಪತ್ತೆರಡು ವರ್ಷ ಇದು ನನ್ನನ್ನು ಅಮೀನಿ ದ್ವೀಪಕ್ಕೆ ಕೊಂಡುಹೋಗಿ ವಾಪಸು ತಂದಿದೆ ಟೀಚರೇ. ಅಲ್ಲಿ ದ್ವೀಪ ಅಂದರೆ ಎಂತ? ನಾಲ್ಕು ತೆಂಗಿನ ಮರ. ಸ್ವಲ್ಪ ತಪ್ಪಿದರೆ ಆಫ್ರಿಕ," ಎಂದರು. "ನನ್ನ ಶಾಲೆಯಲ್ಲಿ ಹೆಡ್‌ಮಾಸ್ಟರರ ಮಗಳಿಗೂ ಪರೀಕ್ಷೆ ಉಂಟು," ಎಂದೆ. ನಕ್ಕು ಕೊಟ್ಟರು.

ನಿನ್ನ ಹಾಳೆಯ ಮೊದಲ ಎರಡು ಪರೀಕ್ಷೆ ಆಯಿತು. ಯಂತ್ರವನ್ನು ಅಡ್ಡ ಹಿಡಿದು ಕನ್ನಡಿಯೊಳಗೆ ನೋಡಿದೆ. ಹೊರಗಿನ ಕಮಾನು ಮತ್ತು ಕನ್ನಡಿಯೊಳಗಿನ ಕಮಾನು ಮುರಿಯದೆ ಒಂದೇ ಗೆರೆಯಾಗಿ ಕೂಡಿತು. ಅಂದರೆ ಕನ್ನಡಿ ನೆಟ್ಟಗಿದೆ. ಎರಡನೆಯದಕ್ಕೆ ಸಮುದ್ರದ ಅಂಚು ಬೇಕಿತ್ತು. ಉಮರಬ್ಬರೊಂದಿಗೆ ದೋಣಿ ಹತ್ತಿ ಹೊಳೆಯಾಚೆಯ ಬೆಂಗ್ರೆಗೆ ಹೋದೆ. ಮುಳ್ಳನ್ನು ಸೊನ್ನೆಯಲ್ಲಿಟ್ಟು ನೋಡಿದರೆ ಕಡಲಿನ ಅಂಚು ಒಂದೇ ಗೆರೆಯಾಗಿ ಕಾಣಬೇಕಲ್ಲ, ಸಣ್ಣ ಮೆಟ್ಟಿಲಿನಂತೆ ತುಂಡಾಗಿ ಕಂಡಿತು. ಸರಿಮಾಡಿ ಓದಿದಾಗ ಒಂದೂವರೆ ಮೈಲಿನ ತಪ್ಪು. ಆರು ಸಲ ನೋಡಿದೆ, ಆರು ಸಲವೂ ಅಷ್ಟೇ. ಯಾವಾಗಲೂ ಒಂದೇ ತಪ್ಪು ಮಾಡುವವರನ್ನು ನಂಬಬಹುದು, ಕಳೆದು ಲೆಕ್ಕ ಹಾಕಿದರಾಯಿತು.

ವಾಪಸು ಬರುವಾಗ ನನ್ನ ಸೀರೆಯ ಅಂಚೆಲ್ಲ ಉಪ್ಪುನೀರು. ಐವತ್ತು ದಾಟಿದ ಹೆಂಗಸು ಹಿತ್ತಾಳೆಯ ಯಂತ್ರ ಹಿಡಿದು ಕಡಲನ್ನು ಮಿಕಿಮಿಕಿ ನೋಡುವುದನ್ನು ಕಂಡು ಬೆಂಗ್ರೆಯ ಮೀನುಗಾರರು ಬಲೆ ಎಳೆಯುವುದನ್ನೇ ನಿಲ್ಲಿಸಿದ್ದರು.

ಇನ್ನು ಉಳಿದದ್ದು ಸೂರ್ಯ. ಶಾಲೆ ಇರುವ ದಿನ ಆಗುವುದಿಲ್ಲ. ಶನಿವಾರ, ಭಾನುವಾರ, ಹಬ್ಬದ ದಿನ ನೋಡಿ ಬರೆಯುತ್ತೇನೆ.

ನಿನ್ನ ಮಾಂಯ್,
ನೆಲ್ಲಿ


ಬೋಳಾರ
12 ಡಿಸೆಂಬರ್ 1960

ಪ್ರಿಯ ಪೌಲ್,

ದೇವಾಚೆಂ ಬೆಸಾಂವ್. ಫಲಿತಾಂಶ ಬಂದಿದೆ. ವಿದ್ಯಾರ್ಥಿ ಅನುತ್ತೀರ್ಣ.

ನೀನು ಹೇಳಿದ ಹಾಗೆಯೇ ಮಾಡಿದೆ. ಪಿಂಗಾಣಿ ತಟ್ಟೆಯಲ್ಲಿ ತೆಂಗಿನೆಣ್ಣೆ ಹೊಯ್ದು, ಚಿಮಿಣಿ ದೀಪದ ಮಸಿ ಬೆರೆಸಿ ಕಪ್ಪು ಮಾಡಿ, ಬಾವಿಕಟ್ಟೆಯ ಪಕ್ಕದಲ್ಲಿ ಗಾಳಿ ತಾಗದಂತೆ ಇಟ್ಟೆ. ಎಣ್ಣೆಯೊಳಗೊಬ್ಬ ಸೂರ್ಯ, ಆಕಾಶದಲ್ಲೊಬ್ಬ. ಯಂತ್ರದ ಕೈಯನ್ನು ಸರಿಸುತ್ತ ಮೇಲಿನ ಸೂರ್ಯನನ್ನು ಕನ್ನಡಿಯಲ್ಲಿ ಕೆಳಗಿಳಿಸಿ ಎಣ್ಣೆಯ ಸೂರ್ಯನ ಮೇಲೆ ಕೂರಿಸುವುದು. ಆಗ ಬರುವ ಅಂಕೆಯ ಅರ್ಧ ತೆಗೆದರೆ ಸೂರ್ಯನ ಎತ್ತರ. ಮೊದಲ ದಿನ ಸೂರ್ಯ ಕನ್ನಡಿಯಿಂದ ಜಾರಿಹೋದ, ಇರುವೆ ಎಣ್ಣೆಗೆ ಬಿತ್ತು. ಆಮೇಲೆ ಅಭ್ಯಾಸವಾಯಿತು.

ಡಿಸೆಂಬರ್ ಮೂರು, ಶನಿವಾರ. ರೊಜಾರಿಯೊ ಇಗರ್ಜಿಯ ಹನ್ನೆರಡರ ಗಂಟೆಯ ಮೊದಲ ಪೆಟ್ಟಿಗೇ ಸೂರ್ಯನನ್ನು ಹಿಡಿದೆ, ಆಮೊರಿ ಪ್ರಾರ್ಥನೆ ಆಮೇಲೆ ಮಾಡಿದೆ. ದೇವರು ಕ್ಷಮಿಸಲಿ. ಲೆಕ್ಕ ಹಾಕಿದರೆ ಇಪ್ಪತ್ತೆರಡು ಮೈಲು ತಪ್ಪು. ಯಂತ್ರದ ಪ್ರಕಾರ ನಮ್ಮ ಮನೆ ಕಾಪುವಿನಲ್ಲಿದೆ.

ಎಂಟನೇ ತಾರೀಕು, ಮಾತೆಯ ಹಬ್ಬ. ಹಬ್ಬದ ದಿನ ದೇವರನ್ನು ಕಾಯಿಸುವುದು ಬೇಡವೆಂದು ಗಂಟೆಯಾದಾಗ ಮೊದಲು ಆಮೊರಿ ಮುಗಿಸಿ ಆಮೇಲೆ ನೋಡಿದೆ. ಹದಿನಾಲ್ಕು ಮೈಲು. ಮನೆ ಮೂಲ್ಕಿಗೆ ಬಂತು. ಸುಧಾರಿಸುತ್ತಿದೆ ಎಂದುಕೊಂಡೆ.

ನಿನ್ನೆ ಭಾನುವಾರ ಮತ್ತೆ ಮೊದಲ ಪೆಟ್ಟಿಗೆ. ಇಪ್ಪತ್ತೊಂಬತ್ತು ಮೈಲು. ಉಡುಪಿ!

ಲೆಕ್ಕವನ್ನು ಮೂರು ಮೂರು ಸಲ ತಾಳೆ ನೋಡಿದ್ದೇನೆ. ಮೂವತ್ತು ವರ್ಷದಿಂದ ಮಕ್ಕಳ ಲೆಕ್ಕ ತಿದ್ದುವವಳು ನಾನು, ತಪ್ಪು ನನ್ನದಲ್ಲ. ಕಾಲವೂ ಸರಿ. ಇಗರ್ಜಿಯ ಗಂಟೆಯನ್ನು ರೇಡಿಯೋಗೆ ಹೋಲಿಸಿ ನೋಡಿದ್ದೇನೆ, ಅರ್ಧ ನಿಮಿಷವೂ ಆಚೀಚೆ ಇಲ್ಲ. ನಿನ್ನ ಪಂಚಾಂಗದಲ್ಲೂ ಸೂರ್ಯ ನೆತ್ತಿಗೆ ಬರುವುದು ಹನ್ನೆರಡರ ಆಸುಪಾಸು ಎಂದೇ ಇದೆ. ಹಾಗಾದರೆ ದೋಷ ಯಂತ್ರದ್ದೇ. ಅದೂ ದಿನಕ್ಕೊಂದು ಬಗೆ. ಒಂದೇ ತಪ್ಪು ಮಾಡುವವರನ್ನು ನಂಬಬಹುದು ಎಂದಿದ್ದೆ, ಇದು ಆ ಜಾತಿಯದಲ್ಲ. ಇದನ್ನು ನಂಬಿ ನೀನು ಏಡನ್‌ಗೆ ಹೋಗುವುದು ಬೇಡ. ಬೇಡ ಎಂದರೆ ಇಲ್ಲ ಎಂದು ನೀನೇ ಬರೆದಿದ್ದೀ.

ಯಂತ್ರವನ್ನು ನಾಳೆ ವರದಿಯೊಂದಿಗೆ ಉಮರಬ್ಬರಿಗೆ ಹಿಂದಿರುಗಿಸುತ್ತೇನೆ. ಹುಡುಗರ ಹೈಸ್ಕೂಲಿನಲ್ಲಿ ಜೂನ್‌ನಿಂದ ಗಣಿತಕ್ಕೆ ಒಂದು ಜಾಗ ಖಾಲಿಯಾಗುತ್ತದಂತೆ. ಸುಮ್ಮನೆ ತಿಳಿಸಿದೆ.

ನಿನ್ನ ಮಾಂಯ್,
ನೆಲ್ಲಿ


ಬಂದರು, ಮಂಗಳೂರು
15 ಡಿಸೆಂಬರ್ 1960

ಪೌಲ್ ಮೋನೆ,

ನಾನು ಉಮರಬ್ಬ. ಬರೆಯುವುದು ನನ್ನ ಸೊಸೆ ಲೈಲಾ. ನಾನು ಹೇಳಿದ ಹಾಗೆಯೇ ಬರೆ, ಚಂದ ಮಾಡ್ಬೇಡ ಅಂತ ಹೇಳಿದ್ದೇನೆ.

ನಿನ್ನ ತಾಯಿ ಮೊನ್ನೆ ನನ್ನ ಯಂತ್ರ ವಾಪಸು ಕೊಟ್ಟು ಹೋದ್ರು. ಜೊತೆಗೆ ಒಂದು ಕಾಗದ. ಅದರಲ್ಲಿ ನನ್ನ ಯಂತ್ರ ಕಾಪು, ಮೂಲ್ಕಿ, ಉಡುಪಿ ಎಲ್ಲ ತಿರುಗಾಡ್ತದೆ ಅಂತ ಬರೆದಿದ್ದಾರೆ. ಲೈಲಾ ಓದಿ ಹೇಳುವಾಗ ನಾನು ಅರ್ಧ ಊಟದಲ್ಲಿ ಎದ್ದೆ. ಎಂತ ಮಾರಾಯ, ಇಪ್ಪತ್ತೆರಡು ವರ್ಷ ಅಕ್ಕಿ ಉಪ್ಪು ತುಂಬಿಕೊಂಡು ಹೋಗಿ ಕೊಬ್ಬರಿ ಹಗ್ಗ ತಂದಿದ್ದೇನೆ, ಒಂದು ಸಲ ಕೂಡ ದ್ವೀಪ ತಪ್ಪಲಿಲ್ಲ. ಈಗ ಪೆಟ್ಟಿಗೆಯಲ್ಲಿ ಮಲಗಿ ಅದಕ್ಕೆ ಬುದ್ಧಿ ಕೆಟ್ಟಿತಾ?

ನಿನ್ನೆ ನಾನೇ ಯಂತ್ರ ಹಿಡ್ಕೊಂಡು ಬೋಳಾರಕ್ಕೆ ಹೋದೆ. ಮಕ್ಕಳಿಗೆ ಪರೀಕ್ಷೆಯ ದಿನ ಅಲ್ವಾ, ಟೀಚರು ಬೇಗ ಮನೆಗೆ ಬಂದಿದ್ರು. "ಟೀಚರೇ, ಹೇಗೆ ನೋಡಿದ್ರಿ, ಒಮ್ಮೆ ತೋರಿಸಿ," ಅಂದೆ. ಅವರು ಕೋಪದಲ್ಲೇ ತಟ್ಟೆ ತಂದಿಟ್ರು. ಇಗರ್ಜಿಯ ಗಂಟೆ ಹೊಡೆಯಿತು. ಢಣ್ ಅನ್ನುವಾಗಲೇ ಯಂತ್ರ ಕಣ್ಣಿಗೆ! ನಂಬರ್ ಓದಿ ಕೆಳಗಿಟ್ಟು, "ನೋಡಿ, ಇವತ್ತೂ ಉಡುಪಿ," ಅಂದ್ರು. ನಾನು ಯಂತ್ರ ತೆಗೊಂಡು ಎಣ್ಣೆಯಲ್ಲಿ ನೋಡಿದೆ. ಅವರು ಕೂರಿಸಿದ ಎರಡು ಸೂರ್ಯ ಆಗಲೇ ಬೇರೆ ಬೇರೆ ಆಗ್ತಾ ಇತ್ತು. ಮೇಲಿನದ್ದು ಇನ್ನೂ ಏರ್ತಾ ಉಂಟು. "ಟೀಚರೇ, ಸೂರ್ಯ ನಿಂತಿಲ್ಲ," ಅಂದೆ. "ಗಂಟೆ ಹನ್ನೆರಡಾಯ್ತಲ್ಲ, ಇನ್ನೆಲ್ಲಿ ನಿಲ್ಲುವುದು," ಅಂತ ತಟ್ಟೆ ಎತ್ತಿಕೊಂಡು ಒಳಗೆ ಹೋದ್ರು. ಮತ್ತೆ ಹೊರಗೆ ಬರಲಿಲ್ಲ.

ನಿನಗೆ ಗೊತ್ತುಂಟು ಮೋನೆ. ನಾವು ಕಡಲಿನವರು ಗಡಿಯಾರ ನೋಡುವುದಿಲ್ಲ. ಸೂರ್ಯ ಏರುವಷ್ಟು ಹೊತ್ತು ಬೆನ್ನು ಹಿಡಿಯುತ್ತೇವೆ, ಅವನು ಮೇಲೆ ಹೋಗಿ ಎರಡು ನಿಮಿಷ ನಿಲ್ತಾನೆ, ಆಗ ನಡುಹಗಲು. ಮಂಗಳೂರಿನಲ್ಲಿ ಈ ತಿಂಗಳು ಅದು ಇಗರ್ಜಿಯ ಗಂಟೆ ಹೊಡೆದು ಅರ್ಧ ಗಂಟೆ ಹತ್ತಿರ ಆಗ್ತದೆ. ಅವರು ಸೂರ್ಯ ದಾರಿಯಲ್ಲಿರುವಾಗಲೇ ಹಿಡಿದು ಲೆಕ್ಕ ಹಾಕಿದ್ದಾರೆ. ಹಬ್ಬದ ದಿನ ಪ್ರಾರ್ಥನೆ ಮೊದಲು ಮಾಡಿದ್ದಕ್ಕೆ ಸ್ವಲ್ಪ ಹತ್ತಿರ ಬಂತು, ಅಷ್ಟೇ.

ಇದನ್ನು ನಾನು ಬಿಡಿಸಿ ಹೇಳಲಿಲ್ಲ. ಹೇಳಿದರೆ ಕೇಳುವ ಹೊತ್ತಲ್ಲ ಅದು. ನೀನು ಪರೀಕ್ಷೆಗೆ ಕೊಟ್ಟದ್ದು ನನ್ನ ಯಂತ್ರವನ್ನು ಅಲ್ಲ ಅಂತಲೂ ನನಗೆ ಗೊತ್ತುಂಟು. ನಿನ್ನ ತಂದೆ ರಾಫೆಲ್ ಯುದ್ಧದ ಕಾಲದಲ್ಲಿ ಹಡಗು ಹತ್ತುವ ಹಿಂದಿನ ದಿನ ನನ್ನ ಅಂಗಳದಲ್ಲಿ ಕೂತು ಚಹಾ ಕುಡಿದಿದ್ದ, ಮತ್ತೆ ವಾಪಸು ಬರಲಿಲ್ಲ. ಅದಕ್ಕೇ ಹೇಳ್ತೇನೆ, ಅವಸರ ಮಾಡ್ಬೇಡ. ಟೀಚರಿಗೆ ಸ್ವಲ್ಪ ಸಮಯ ಕೊಡು.

ಉಮರಬ್ಬ
(ಬರೆದವಳು ಲೈಲಾ. ಟೀಚರಿಗೆ ನಾನು ಹೇಳಲಾ ಎಂದು ಮಾವನಲ್ಲಿ ಕೇಳಿದೆ, ಬೇಡ ಎಂದರು.)


ಬೊಂಬಾಯಿ
20 ಡಿಸೆಂಬರ್ 1960

ಪ್ರೀತಿಯ ಮಾಂಯ್,

ಬೆಸಾಂವ್ ದೀ. ನಿಮ್ಮ ವರದಿ ತಲಪಿತು.

ಮಾತು ಕೊಟ್ಟಿದ್ದೆ, ಹಾಗೆಯೇ ನಡೆಯುತ್ತೇನೆ. ಬೇರೆ ಸೆಕ್ಸ್‌ಟಂಟ್ ಹುಡುಕುವುದಿಲ್ಲ. ಡಿಸೆಂಬರ್ ಮೂವತ್ತೊಂದರಂದು ಕಂಪೆನಿಗೆ ಬರೆದು, ಈ ಹಡಗು ನನಗೆ ಆಗುವುದಿಲ್ಲ ಎಂದು ತಿಳಿಸುತ್ತೇನೆ. ಅದಕ್ಕೆ ಮೊದಲು ನಿಮ್ಮ ಮನಸ್ಸಿಗೆ ಬೇರೇನಾದರೂ ಬಂದರೆ ತಿಳಿಸಿ.

ಈ ಕ್ರಿಸ್ಮಸ್‌ಗೆ ಬರಲಾಗುವುದಿಲ್ಲ, ರಜೆ ಸಿಗಲಿಲ್ಲ. ನನ್ನ ಪಾಲಿನ ಸಿಹಿ ನೆವ್ರಿಯನ್ನು ಯಾರಿಗಾದರೂ ಕೊಟ್ಟುಬಿಡಿ.

ಪೌಲ್


ಬೋಳಾರ
28 ಡಿಸೆಂಬರ್ 1960

ಪ್ರಿಯ ಪೌಲ್,

ದೇವಾಚೆಂ ಬೆಸಾಂವ್. ನಿನ್ನೆ ಕಳಿಸಿದ ತಂತಿ ಸಿಕ್ಕಿರಬೇಕು. "ಯಂತ್ರ ಸರಿ. ಟೀಚರ್ ತಪ್ಪು. ಕಂಪೆನಿಗೆ ಬರೆಯಬೇಡ." ಅಂಚೆ ಕಚೇರಿಯವನು ಎರಡು ಸಲ ಓದಿ ನನ್ನ ಮುಖ ನೋಡಿದ. "ಹೌದು, ಹಾಗೇ ಕಳಿಸಿ," ಎಂದೆ.

ಹೇಗೆಂದು ಹೇಳುತ್ತೇನೆ, ನಗಬೇಡ. ನಗುವುದಾದರೆ ನನಗೆ ಕೇಳಿಸದ ಹಾಗೆ ನಗು.

ಇಪ್ಪತ್ತಮೂರರಂದು ಎಂಟನೆಯ ತರಗತಿಯ ಅರ್ಧವಾರ್ಷಿಕ ಪರೀಕ್ಷೆಯ ಭೂಗೋಳದ ಪೇಪರು ತಿದ್ದುತ್ತಿದ್ದೆ. ಆರನೇ ಪ್ರಶ್ನೆ: ಭಾರತದ ಗಡಿಯಾರಗಳೆಲ್ಲ ಎಂಬತ್ತೆರಡೂವರೆ ಡಿಗ್ರಿ ರೇಖಾಂಶದ ಸಮಯವನ್ನು ತೋರಿಸುತ್ತವೆ. ಅವು ಹನ್ನೆರಡು ಗಂಟೆ ತೋರಿಸುವಾಗ ಮಂಗಳೂರಿನ ಸ್ಥಳೀಯ ಸಮಯ ಎಷ್ಟು? ಒಬ್ಬಳು ಚೊಕ್ಕವಾಗಿ ಬರೆದಿದ್ದಳು. ಮಂಗಳೂರು ಏಳು ಡಿಗ್ರಿ ನಲವತ್ತು ನಿಮಿಷ ಪಶ್ಚಿಮಕ್ಕಿದೆ, ಡಿಗ್ರಿಗೆ ನಾಲ್ಕು ನಿಮಿಷದಂತೆ ಕಳೆದರೆ ಹನ್ನೊಂದು ಗಂಟೆ ಇಪ್ಪತ್ತೊಂಬತ್ತು ನಿಮಿಷ. ಸರಿ ಗುರುತು ಹಾಕಿದೆ, ಐದಕ್ಕೆ ಐದು ಕೊಟ್ಟೆ. ಮುಂದಿನ ಪೇಪರಿಗೆ ಕೈ ಚಾಚಿದವಳು ಹಾಗೆಯೇ ಕೂತುಬಿಟ್ಟೆ.

ಗಣಿತದ ಜೊತೆ ಭೂಗೋಳವೂ ನನ್ನದೇ, ಪ್ರಶ್ನೆ ಕೊಟ್ಟವಳು ನಾನು! ಪ್ರತಿ ವರ್ಷ ಕರಿಹಲಗೆಯ ಮೇಲೆ ಭಾರತದ ನಕ್ಷೆ ಬಿಡಿಸಿ, ಗೆರೆ ಎಳೆದು, "ಗಡಿಯಾರ ದೇಶದ್ದು, ಸೂರ್ಯ ಊರಿನದ್ದು," ಎಂದು ಮಕ್ಕಳ ಬಾಯಿಂದ ಹೇಳಿಸುವವಳೂ ನಾನೇ. ಇಗರ್ಜಿಯ ಗಂಟೆ ಹೊಡೆದಾಗ ಎದ್ದು ನಿಂತು ಶಿಲುಬೆಯ ಗುರುತು ಮಾಡಿ ಬೆಳೆದವರು ನಾವು. ಆ ಗಂಟೆ ಅಂದರೆ ನಡುಹಗಲು, ಅದರಾಚೆ ಯೋಚನೆ ಹೋಗಲೇ ಇಲ್ಲ. ಉಮರಬ್ಬರು ಸೂರ್ಯ ನಿಂತಿಲ್ಲ ಎಂದು ನನ್ನ ಮುಖಕ್ಕೇ ಹೇಳಿದ್ದರು. ನಾನು ತಟ್ಟೆ ಎತ್ತಿಕೊಂಡು ಒಳಗೆ ಹೋದೆ.

ಮರುದಿನ ಕ್ರಿಸ್ಮಸ್ ತಿಂಡಿ ಕುಸ್ವಾರಿನ ತಟ್ಟೆ ಹಿಡಿದು ಬಂದರಿಗೆ ಹೋದೆ. ನಿನ್ನ ಪಾಲಿನ ನೆವ್ರಿ, ಕುಲ್ಕುಲ್ಸ್, ಎಲ್ಲ ಅದರಲ್ಲಿತ್ತು. ಉಮರಬ್ಬರ ಎದುರು ನಿಂತು, "ತಪ್ಪಾಯ್ತು ಬ್ಯಾರಿಯವರೇ, ನಿಮ್ಮ ಯಂತ್ರದ ಮರ್ಯಾದೆ ತೆಗೆದೆ," ಎಂದೆ. ಮುದುಕರು ಒಂದು ನೆವ್ರಿ ಬಾಯಿಗೆ ಹಾಕಿಕೊಂಡು ನಿಧಾನಕ್ಕೆ ಜಗಿದರು. "ಯಂತ್ರಕ್ಕೆ ಬೇಜಾರಿಲ್ಲ ಟೀಚರೇ. ಉಡುಪಿ ನೋಡಿ ಬಂತಲ್ಲ," ಎಂದರು. ಲೈಲಾ ಬಾಗಿಲ ಹಿಂದೆ ಸೆರಗು ಬಾಯಿಗೆ ತುರುಕಿಕೊಂಡಿದ್ದಳು.

ಇಪ್ಪತ್ತಾರಕ್ಕೆ ಅವರೇ ಬಂದರು. ಗಂಟೆ ಹೊಡೆಯಿತು, ನಾನು ಆಮೊರಿ ಹೇಳಿದೆ, ಅವರು ತಲೆ ತಗ್ಗಿಸಿ ಬಾವಿಕಟ್ಟೆಯಲ್ಲಿ ಕೂತಿದ್ದರು. ಹನ್ನೆರಡೂಕಾಲರಿಂದ ಸೂರ್ಯನ ಬೆನ್ನು ಹಿಡಿದೆ. ಕೂರಿಸುತ್ತೇನೆ, ಜಾರುತ್ತದೆ. ಮತ್ತೆ ಕೂರಿಸುತ್ತೇನೆ, ಮತ್ತೆ ಜಾರುತ್ತದೆ. "ಬಿಡಬೇಡಿ, ಬಿಡಬೇಡಿ," ಎನ್ನುತ್ತಿದ್ದರು. ಹನ್ನೆರಡು ಮೂವತ್ತೊಂದಕ್ಕೆ ಎರಡೂ ಸೂರ್ಯ ಒಂದಾಗಿ ನಿಂತವು, ಅಲುಗಾಡಲಿಲ್ಲ. ನನ್ನ ಉಸಿರೂ ನಿಂತಿತ್ತು ಪೌಲ್. ಒಂದೂವರೆ ಮೈಲು ಕಳೆದು ಲೆಕ್ಕ ಹಾಕಿದರೆ ಹನ್ನೆರಡು ಡಿಗ್ರಿ ಐವತ್ತೆರಡು. ನಿನ್ನೆ ಮತ್ತೆ ನೋಡಿದೆ. ಹನ್ನೆರಡು ಡಿಗ್ರಿ ಐವತ್ತೊಂದು. ನಮ್ಮ ಬಾವಿಕಟ್ಟೆ.

ಈಗ ಏಡನ್ ವಿಷಯ. ಬೊಂಬಾಯಿಯಲ್ಲಿ ಅಷ್ಟು ದೊಡ್ಡ ನಾವಿಕ ಕಾಲೇಜು ಇದೆ, ಅಲ್ಲಿಗೆ ಒಯ್ದಿದ್ದರೆ ಅರ್ಧ ಗಂಟೆಯಲ್ಲಿ ಈ ಯಂತ್ರದ ಜಾತಕ ಹೇಳುತ್ತಿದ್ದರು. ಅದನ್ನು ಬಿಟ್ಟು ಎಣ್ಣೆಯ ತಟ್ಟೆ ಹಿಡಿದ ನಿನ್ನ ತಾಯಿಯನ್ನು ಯಾಕೆ ಕೇಳಿದೆ ಎಂದು ನನಗೆ ತಿಳಿಯಲಿಲ್ಲ ಎಂದುಕೊಂಡೆಯಾ? ಹೋಗಲೇ ಎಂದು ಬಾಯಿಬಿಟ್ಟು ಕೇಳಲು ನಿನಗೆ ಧೈರ್ಯವಿರಲಿಲ್ಲ. ಬೇಡ ಎಂದು ಬಾಯಿಬಿಟ್ಟು ಹೇಳಲು ನನಗೂ ಇರಲಿಲ್ಲ. ಮೊದಲ ದಿನ ಲೆಕ್ಕ ತಪ್ಪಿ ಕಾಪು ಬಂದಾಗ ನನಗೆ ಎಷ್ಟು ಸಂತೋಷವಾಯಿತು ಗೊತ್ತೇ? ಗಣಿತದ ಟೀಚರು ಲೆಕ್ಕ ತಾಳೆಯಾಗದ್ದಕ್ಕೆ ಸಂತೋಷಪಟ್ಟಳು. ಅದಕ್ಕೇ ಕಾರಣ ಹುಡುಕಲಿಲ್ಲ. ಬೇರೆ ಯಾವ ಲೆಕ್ಕವಾಗಿದ್ದರೂ ರಾತ್ರಿಯೆಲ್ಲ ಕೂತು ಹುಡುಕುತ್ತಿದ್ದೆ. ಈ ಪಾಪವನ್ನು ಪಾದ್ರಿಗಳ ಹತ್ತಿರ ಹೇಳಿಲ್ಲ, ನಿನ್ನ ಹತ್ತಿರ ಹೇಳುತ್ತಿದ್ದೇನೆ.

ಯಂತ್ರ ಒಯ್ಯು. ಹೋಗು. ಹೆದರಿಕೆ ಹೋಗಿಲ್ಲ, ಅದು ಇರುತ್ತದೆ. ಆದರೆ ಸರಿಯಾದ ಯಂತ್ರವನ್ನು ತಪ್ಪು ಎಂದು ಹೇಳಿ ನಿನ್ನನ್ನು ಮನೆಯಲ್ಲಿ ಕೂರಿಸಿಕೊಳ್ಳಲು ನನ್ನಿಂದಾಗದು.

ನೆರೆಮನೆಯ ಮಾರ್ಸೆಲಿನ್ ಬೊಂಬಾಯಿಯ ಆಸ್ಪತ್ರೆಯಲ್ಲಿ ನರ್ಸ್ ಅಲ್ಲವೇ, ರಜೆ ಮುಗಿಸಿ ಹೊಸವರ್ಷದ ಮರುದಿನ ಹೊರಡುತ್ತಾಳೆ. ಪೆಟ್ಟಿಗೆಯನ್ನು ದಾರಿಯುದ್ದಕ್ಕೂ ಮಡಿಲಲ್ಲೇ ಇಟ್ಟುಕೊಳ್ಳಬೇಕೆಂದು ಆಣೆ ಹಾಕಿಸಿದ್ದೇನೆ. ಬೆಲೆ ಕೇಳಿದ್ದಕ್ಕೆ ಉಮರಬ್ಬರು, "ಬೆಲೆ ಎಂತದ್ದು? ನಾನು ಏಡನ್ ನೋಡಿಲ್ಲ, ಅದು ನೋಡಿ ಬರಲಿ," ಎಂದರು.

ನಿನ್ನ ಮಾಂಯ್,
ನೆಲ್ಲಿ


ಬೊಂಬಾಯಿ
8 ಜನವರಿ 1961

ಪ್ರೀತಿಯ ಮಾಂಯ್,

ಬೆಸಾಂವ್ ದೀ. ಮಾರ್ಸೆಲಿನ್ ಬಾಯಿ ಪೆಟ್ಟಿಗೆಯನ್ನು ಮಗುವನ್ನು ಕೊಡುವ ಹಾಗೆ ಕೈಗೆ ಕೊಟ್ಟರು. ಮುಚ್ಚಳದ ಒಳಗೆ ನೀವು ಅಂಟಿಸಿದ ಪ್ರಮಾಣಪತ್ರವನ್ನು ಹಾಸ್ಟೆಲಿನ ಎಲ್ಲರೂ ಬಂದು ಓದಿದರು. "ಯಂತ್ರದ ತಪ್ಪು: ಒಂದೂವರೆ ಮೈಲು, ಯಾವಾಗಲೂ ಒಂದೇ ಕಡೆಗೆ. ಪರೀಕ್ಷಕಿಯ ತಪ್ಪು: ಇಪ್ಪತ್ತೊಂಬತ್ತು ಮೈಲು, ಸರಿಪಡಿಸಲಾಗಿದೆ. ನೆಲ್ಲಿ ರೆಬೆಲ್ಲೊ, ಬೋಳಾರ." ಇದನ್ನು ನಾನು ಯಾವತ್ತೂ ಕೀಳುವುದಿಲ್ಲ.

ನನ್ನ ತಪ್ಪನ್ನೂ ಬರೆಯುತ್ತೇನೆ. ಉಮರಬ್ಬರು ಡಿಸೆಂಬರ್ ಹದಿನೈದಕ್ಕೇ ನನಗೆ ಬರೆದು ತಿಳಿಸಿದ್ದರು. ಯಂತ್ರ ಸರಿಯಿದೆ, ನೀವು ಇಗರ್ಜಿಯ ಗಂಟೆಗೆ ಸೂರ್ಯನನ್ನು ಹಿಡಿಯುತ್ತಿದ್ದೀರಿ ಎಂದು ಗೊತ್ತಿದ್ದೇ ಇಪ್ಪತ್ತರ ಕಾಗದ ಬರೆದೆ. ಗಡಿಯಾರದ ತಪ್ಪನ್ನು ನಾನು ತೋರಿಸಿದ್ದರೆ ನೀವು ಒಪ್ಪುತ್ತಿದ್ದಿರಿ. ಆದರೆ ಅದು ಲೆಕ್ಕಕ್ಕೆ ಒಪ್ಪಿದ ಹಾಗಾಗುತ್ತಿತ್ತು, ನನ್ನನ್ನು ಕಳಿಸಲು ಅಲ್ಲ. ನೀವೇ ಆ ತಪ್ಪನ್ನು ಕಾಣದೇ ಇದ್ದಿದ್ದರೆ ನಿಜವಾಗಿಯೂ ಕಂಪೆನಿಗೆ ಬರೆಯುತ್ತಿದ್ದೆ. ಕಾಗದ ಬರೆದು ಇಟ್ಟಿದ್ದೆ, ತಂತಿ ಬಂದ ಮೇಲೆ ಹರಿದು ಹಾಕಿದೆ. ನನ್ನ ಹಾಳೆಯಲ್ಲಿ "ನಡುಹಗಲು" ಎಂದಷ್ಟೇ ಬರೆದದ್ದು ಮಾತ್ರ ಬೇಕೆಂದು ಮಾಡಿದ್ದಲ್ಲ. ಸೂರ್ಯ ನಿಲ್ಲುವವರೆಗೆ ಕಾಯಬೇಕೆಂದು ಯಾರಿಗಾದರೂ ಹೇಳಬೇಕಾಗುತ್ತದೆ ಎಂದು ನನಗೆ ಹೊಳೆಯಲೇ ಇಲ್ಲ.

ಪೌಲ್


ಕೊಚ್ಚಿ ಬಂದರು
25 ಜನವರಿ 1961

ಪ್ರೀತಿಯ ಮಾಂಯ್,

ಬೆಸಾಂವ್ ದೀ. ಇಪ್ಪತ್ತೆರಡರಂದು ನಸುಕಿನಲ್ಲಿ ಬೊಂಬಾಯಿ ಬಿಟ್ಟೆವು. ಇಪ್ಪತ್ತಮೂರು, ಸೋಮವಾರ ನಡುಹಗಲು. ಕ್ಯಾಪ್ಟನ್, ಸೆಕೆಂಡ್ ಆಫೀಸರ್, ನಾನು, ಮೂವರೂ ಮೇಲಿನ ಡೆಕ್ಕಿನಲ್ಲಿ ಸಾಲಾಗಿ ನಿಂತು ಸೂರ್ಯನ ಬೆನ್ನು ಹಿಡಿದೆವು. ನಿಂತ. ಲೆಕ್ಕ ಹಾಕಿ ತೋರಿಸಿದಾಗ ಕ್ಯಾಪ್ಟನ್‌ಗೆ ಹನ್ನೆರಡು ಡಿಗ್ರಿ ಐವತ್ತೆಂಟು, ಸೆಕೆಂಡ್‌ಗೆ ಐವತ್ತೇಳು, ನನಗೆ ಐವತ್ತೆಂಟು. ಕ್ಯಾಪ್ಟನ್ ನನ್ನ ಪೆಟ್ಟಿಗೆಯನ್ನು ತಿರುಗಿಸಿ ನೋಡಿ, "ಯಾರದ್ದು ಇದು?" ಎಂದರು. "ಮಂಗಳೂರಿನ ಒಬ್ಬ ತಂಡೇಲರದ್ದು, ಇಪ್ಪತ್ತೆರಡು ವರ್ಷ ಅವರ ಮಂಜಿಯನ್ನು ನಡೆಸಿದೆ," ಎಂದೆ. ಉಮರಬ್ಬರಿಗೆ ಹೇಳಿ.

ಐವತ್ತೆಂಟು ಎಂದರೆ ನಮ್ಮ ಮನೆಯಿಂದ ಏಳೇ ಮೈಲು ಉತ್ತರ. ಗಂಟೆಗೆ ಹನ್ನೆರಡು ಮೈಲಿನ ಓಟ. ಮೂವತ್ತೈದು ನಿಮಿಷ ಎಣಿಸಿ ಕಂಬಿಯ ಹತ್ತಿರ ಹೋಗಿ ಪೂರ್ವಕ್ಕೆ ಮುಖ ಮಾಡಿ ನಿಂತೆ. ದಡ ಕಾಣಲಿಲ್ಲ, ದೂರದಲ್ಲಿ ಘಟ್ಟದ ನೀಲಿ ಗೆರೆ ಮಾತ್ರ. ಆದರೂ ನೇರ ಎದುರಿಗೆ ಬಾವಿಕಟ್ಟೆ ಇದೆ ಎಂದು ನನಗೆ ಗೊತ್ತಿತ್ತು.

ನಾಡಿದ್ದು ಸರಕು ತುಂಬುವುದು ಶುರು. ಫೆಬ್ರವರಿ ಹತ್ತಕ್ಕೆ ಏಡನ್ ಸೇರುತ್ತೇವೆ. ಅಲ್ಲಿನ ಏಜೆಂಟರ ವಿಳಾಸ ಹಿಂಬದಿಯಲ್ಲಿದೆ.

ಪೌಲ್


ಬೋಳಾರ
2 ಫೆಬ್ರವರಿ 1961

ಪ್ರಿಯ ಪೌಲ್,

ದೇವಾಚೆಂ ಬೆಸಾಂವ್. ಇದು ನಿನಗಿಂತ ಮೊದಲು ಏಡನ್ ತಲಪಲಿ ಎಂದು ವಿಮಾನದ ಅಂಚೆಯಲ್ಲಿ ಹಾಕುತ್ತಿದ್ದೇನೆ.

ಉಮರಬ್ಬರಿಗೆ ನಿನ್ನ ಕಾಗದ ಓದಿ ಹೇಳಿದೆ. ಕ್ಯಾಪ್ಟನ್ ಪೆಟ್ಟಿಗೆ ತಿರುಗಿಸಿದ ಜಾಗ ಬಂದಾಗ, "ಇನ್ನೊಮ್ಮೆ ಓದಿ ಟೀಚರೇ," ಎಂದರು. ಮೂರು ಸಲ ಓದಿದ್ದೇನೆ. ನಿನ್ನೆ ಸಂಜೆಯ ನಮಾಜು ಮುಗಿಸಿ ಬಂದವರು ಮತ್ತೆ ಕೇಳಿದರು. ಬಂದರಿಗೆಲ್ಲ ಈಗ ಈ ಕಥೆ ಗೊತ್ತು.

ನೀನು ಕಂಬಿ ಹಿಡಿದು ನಿಂತ ಹೊತ್ತಿಗೆ ನಾನು ಎಲ್ಲಿದ್ದೆ ಎಂದು ಲೆಕ್ಕ ಹಾಕಿದೆ. ಇಪ್ಪತ್ತಮೂರರಂದು ಸೂರ್ಯ ನಿಂತದ್ದು ಹನ್ನೆರಡು ನಲವತ್ತೆರಡರ ಸುಮಾರಿಗೆ, ಅದಕ್ಕೆ ಮೂವತ್ತೈದು ಸೇರಿಸಿದರೆ ಒಂದು ಹದಿನೇಳು. ಶಾಲೆಯ ಜಗಲಿಯಲ್ಲಿ ಹೇಮಾಕ್ಷಿಯೊಂದಿಗೆ ಬುತ್ತಿ ಬಿಚ್ಚಿ ಗಂಜಿ, ಒಣಮೀನಿನ ಚಟ್ನಿ ಉಣ್ಣುತ್ತಿದ್ದೆ. ಪಡುವಣಕ್ಕೆ ಬೆನ್ನು ಹಾಕಿ ಕೂತಿದ್ದೆ ಎಂದು ನೆನಪು. ಇನ್ನು ಮೇಲೆ ಮುಖ ಹಾಕಿ ಕೂರುತ್ತೇನೆ.

ಒಂದು ವಿಷಯ ಕೇಳುವುದಿದೆ. ನಿನ್ನ ಅಪ್ಪನ ಹಡಗು ಮುಳುಗಿದಾಗ ಕಂಪೆನಿಯಿಂದ ಬಂದದ್ದು ಎರಡೇ ಸಾಲಿನ ಕಾಗದ. ಯಾವ ದಿನ ಎಂದು ಬರೆದಿದ್ದರು, ಎಲ್ಲಿ ಎಂದು ಬರೆದಿರಲಿಲ್ಲ. ನಾನು ಎರಡು ಸಲ ಕೇಳಿ ಬರೆದೆ, ಯುದ್ಧದ ಕಾಲ, ಯಾರೂ ಹೇಳಲಿಲ್ಲ. ಹದಿನೆಂಟು ವರ್ಷ ನಾನು ಪ್ರಾರ್ಥನೆ ಮಾಡುವಾಗ ಯಾವ ದಿಕ್ಕಿಗೆ ತಿರುಗಬೇಕೆಂದು ತಿಳಿಯದೆ ಇಗರ್ಜಿಯ ಕಡೆಗೇ ತಿರುಗಿದ್ದೇನೆ. ನಿನ್ನ ವಿಷಯದಲ್ಲಿ ನನಗೆ ಇದ್ದ ಹೆದರಿಕೆಯೂ ಅದೇ. ಸಮುದ್ರಕ್ಕಲ್ಲ, ಎಲ್ಲಿ ಎಂದು ಗೊತ್ತಿಲ್ಲದಿರುವುದಕ್ಕೆ.

ಆದ್ದರಿಂದ ಪ್ರತಿ ಕಾಗದದ ತಲೆಯಲ್ಲಿ ತಾರೀಕಿನ ಕೆಳಗೆ ಎರಡು ಅಂಕೆ ಬರೆ. ಅಕ್ಷಾಂಶ, ರೇಖಾಂಶ. ಅದನ್ನು ಉಮರಬ್ಬರ ಯಂತ್ರದಿಂದ ನೀನೇ ಅಳೆದಿರಬೇಕು, ಬೇರೆಯವರದ್ದನ್ನು ನಕಲು ಮಾಡಕೂಡದು. ಶಾಲೆಯಿಂದ ಹಳೆಯ ಭೂಪಟವೊಂದನ್ನು ತಂದು ಅಡುಗೆಮನೆಯ ಗೋಡೆಗೆ ಮೊಳೆ ಹೊಡೆದಿದ್ದೇನೆ. ಮೊನ್ನೆ ಇಪ್ಪತ್ತಮೂರರ ಚುಕ್ಕೆ ಇಟ್ಟೆ, ಕೆಂಪು ಶಾಯಿಯಲ್ಲಿ.

ಏಡನ್‌ನ ಲೆಕ್ಕ ಆಗಲೇ ಮಾಡಿದ್ದೇನೆ. ಫೆಬ್ರವರಿ ಹತ್ತರಂದು ಅಲ್ಲಿ ಸೂರ್ಯ ನಿಲ್ಲುವಾಗ ನಮ್ಮ ಅಡುಗೆಮನೆಯ ಗಡಿಯಾರದಲ್ಲಿ ಎರಡು ಗಂಟೆ ನಲವತ್ತನಾಲ್ಕು ನಿಮಿಷ. ಹನ್ನೆರಡಕ್ಕೆ ಇಗರ್ಜಿಯ ಗಂಟೆ ಹೊಡೆದಾಗ ಎಲ್ಲರ ಜೊತೆ ಆಮೊರಿ ಹೇಳುತ್ತೇನೆ. ಆಮೇಲೆ ಎರಡು ನಲವತ್ತನಾಲ್ಕಕ್ಕೆ ತರಗತಿಯಲ್ಲಿದ್ದರೂ ಸರಿ, ಒಂದು ನಿಮಿಷ ಸೀಮೆಸುಣ್ಣ ಕೆಳಗಿಟ್ಟು ಕಿಟಕಿಯ ಹತ್ತಿರ ನಿಲ್ಲುತ್ತೇನೆ. ಮಕ್ಕಳು ಕೇಳಿದರೆ, ಮಗನಿಗೆ ಈಗ ನಡುಹಗಲು ಎನ್ನುತ್ತೇನೆ.

ನಿನ್ನ ಮಾಂಯ್,
ನೆಲ್ಲಿ
ಹನ್ನೆರಡು ಡಿಗ್ರಿ ಐವತ್ತೊಂದು ನಿಮಿಷ ಉತ್ತರ, ಎಪ್ಪತ್ತನಾಲ್ಕು ಡಿಗ್ರಿ ಐವತ್ತು ನಿಮಿಷ ಪೂರ್ವ